ನುಡಿಸಿದ ಬೇಸ್ ಕೇಳಿಸದೇ ಹೋದದ್ದು ಹೇಗೆ?

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ನಾಲ್ಕನೇ ಆಲ್ಬಂ '...ಅಂಡ್ ಜಸ್ಟಿಸ್ ಫಾರ್ ಆಲ್' ಅನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಮೊದಲ ಹಾಡು 'ಬ್ಲಾಕನ್ಡ್'. ಗಿಟಾರುಗಳು ಎಲ್ಲೋ ದೂರದಿಂದ ತೇಲಿಕೊಂಡು ಬರುತ್ತವೆ. ಆ ದನಿಯಲ್ಲಿ ಏನೋ ಬೇರೆ ಥರ ಇದೆ ಅನ್ನಿಸುತ್ತದೆ. ಹಲವು ಗಿಟಾರುಗಳನ್ನು ಒಂದರ ಮೇಲೊಂದು ಪೇರಿಸಿ, ಟೇಪನ್ನು ಹಿಂದುಮುಂದಾಗಿ ಓಡಿಸಿದ್ದಾರೆ. ದನಿ ಹತ್ತಿರ ಬಂದು, ದೊಡ್ಡದಾಗಿ, ತಟ್ಟನೆ ಡ್ರಮ್ಸ್ ಮತ್ತು ಗಿಟಾರ್ ಜೊತೆಯಾಗಿ ಮೈಮೇಲೆ ಬೀಳುತ್ತವೆ.

ಈಗ ಬೇಸ್ ಗಿಟಾರ್, ಅಂದರೆ ಕೆಳಗಿನ ದಪ್ಪ ದನಿಗಳನ್ನು ನುಡಿಸುವ ಗಿಟಾರ್, ಎಲ್ಲಿದೆ ಅಂತ ಹುಡುಕಿ. ಸಿಗುವುದಿಲ್ಲ.

ನಾನು ಮೊದಲ ಸಲ ಕೇಳಿದಾಗ ಹೆಡ್‌ಫೋನಿನ ವೈರ್ ಸಡಿಲ ಆಗಿದೆ ಅಂದುಕೊಂಡು ಪಿನ್ ತೆಗೆದು ಮತ್ತೆ ಹಾಕಿದ್ದೆ. ಆಮೇಲೆ ಗೊತ್ತಾಯಿತು, ಇದು ಪ್ರಪಂಚದಾದ್ಯಂತ ಕೇಳುಗರು ಮೂರು ದಶಕಗಳಿಂದ ಕೇಳುತ್ತಾ ಬಂದಿರುವ ಪ್ರಶ್ನೆ. ಬೇಸ್ ನುಡಿಸಿಯೇ ಇಲ್ಲವೇ? ನುಡಿಸಿದ್ದಾರೆ. ಒಂಬತ್ತು ಹಾಡುಗಳಲ್ಲೂ ಇದೆ. ಅದಕ್ಕಿಂತ ಹೆಚ್ಚಾಗಿ, 'ಬ್ಲಾಕನ್ಡ್' ಹಾಡನ್ನು ರಚಿಸಿದ ಮೂವರಲ್ಲಿ ಒಬ್ಬರು ಬೇಸ್ ವಾದಕ ಜೇಸನ್ ನ್ಯೂಸ್ಟೆಡ್ ಅವರೇ. ಆದರೂ ಅವರ ವಾದ್ಯ ನಮ್ಮ ಕಿವಿಗೆ ತಲುಪುವುದಿಲ್ಲ.

ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ, ಒಂದು ಆಲ್ಬಂ ಹೇಗೆ ತಯಾರಾಗುತ್ತದೆ ಅನ್ನುವುದೇ ಅರ್ಥ ಆಗುತ್ತದೆ. ನಾವು ಕೇಳುವುದು ಸ್ಟುಡಿಯೋದಲ್ಲಿ ನುಡಿಸಿದ್ದನ್ನಲ್ಲ. ನುಡಿಸಿದ್ದರಲ್ಲಿ ಯಾವುದನ್ನು ಎಷ್ಟು ಕೇಳಿಸಬೇಕು ಅಂತ ಯಾರೋ ನಿರ್ಧಾರ ಮಾಡಿದ ಮೇಲೆ ಉಳಿದದ್ದನ್ನು.

ಮೊದಲು ಆ ಬ್ಯಾಂಡ್ ಆಗ ಯಾವ ಸ್ಥಿತಿಯಲ್ಲಿತ್ತು ಅಂತ ನೋಡಬೇಕು. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಮೆಟಾಲಿಕಾದ ಪ್ರವಾಸದ ಬಸ್ ಪಲ್ಟಿಯಾಯಿತು. ಬೇಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡರು. ಅವರಿಗೆ ಇನ್ನೂ 24 ವರ್ಷ. ಅವರು ಬರೀ ಹಿಂದೆ ನಿಂತು ತಾಳ ಹಿಡಿಯುವ ವಾದಕ ಆಗಿರಲಿಲ್ಲ. ಬೇಸ್ ಗಿಟಾರನ್ನೇ ಮುಂದಕ್ಕೆ ತಂದು ಸೋಲೋ ನುಡಿಸುತ್ತಿದ್ದರು. ಸ್ವರಗಳನ್ನು ಜೋಡಿಸುವ ಶಾಸ್ತ್ರವನ್ನು ಉಳಿದವರಿಗೆ ಹೇಳಿಕೊಟ್ಟವರೂ ಅವರೇ. ಅವರು ಹೋದ ಆರೇ ವಾರಗಳಲ್ಲಿ ಬ್ಯಾಂಡ್ ಹೊಸಬರನ್ನು ಸೇರಿಸಿಕೊಂಡು ಮತ್ತೆ ವೇದಿಕೆ ಹತ್ತಿತು. ಆ ಹೊಸಬರೇ ನ್ಯೂಸ್ಟೆಡ್. ವಯಸ್ಸು 23. ದುಃಖ ಆರುವುದಕ್ಕೆ ಯಾರಿಗೂ ಸಮಯ ಸಿಗಲಿಲ್ಲ. ಆ ದಿನಗಳಲ್ಲಿ ನ್ಯೂಸ್ಟೆಡ್ ಅವರನ್ನು ಬಹಳ ಗೋಳು ಹೊಯ್ದುಕೊಂಡೆವು ಅಂತ ಬ್ಯಾಂಡಿನವರೇ ಮುಂದೆ ಒಪ್ಪಿಕೊಂಡಿದ್ದಾರೆ.

ಹೊಸ ಆಲ್ಬಮ್ಮಿನ ರೆಕಾರ್ಡಿಂಗ್ 1988ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಒನ್ ಆನ್ ಒನ್ ಸ್ಟುಡಿಯೋದಲ್ಲಿ ಶುರುವಾಯಿತು. ಮೊದಲು ಮೈಕ್ ಕ್ಲಿಂಕ್ ಅನ್ನುವ ನಿರ್ಮಾಪಕರ ಜೊತೆ ಕೆಲಸ ಮಾಡಿದರು. ಹೊಂದಿಕೆ ಆಗಲಿಲ್ಲ. ಹಿಂದಿನ ಎರಡು ಆಲ್ಬಂ ಮಾಡಿಕೊಟ್ಟಿದ್ದ ಡೆನ್ಮಾರ್ಕಿನ ಫ್ಲೆಮಿಂಗ್ ರಾಸ್ಮುಸೆನ್ ಅವರನ್ನು ಕರೆಸಿಕೊಂಡರು.

ಇಲ್ಲಿ ರೆಕಾರ್ಡಿಂಗ್ ಅಂದರೆ ನಾಲ್ವರೂ ಒಂದೇ ಕೋಣೆಯಲ್ಲಿ ನಿಂತು ಹಾಡನ್ನು ಒಂದೇ ಸಲಕ್ಕೆ ನುಡಿಸಿ ಮುಗಿಸುವುದಲ್ಲ. ಆ ಕಾಲದ ದೊಡ್ಡ ಸ್ಟುಡಿಯೋಗಳಲ್ಲಿ 2 ಇಂಚು ಅಗಲದ ಟೇಪ್ ಇರುತ್ತಿತ್ತು. ಅದರ ಮೇಲೆ ಅಕ್ಕಪಕ್ಕದಲ್ಲಿ 24 ಟ್ರ್ಯಾಕ್. ರಸ್ತೆಯ ಲೇನ್‌ಗಳ ಹಾಗೆ ಅಂದುಕೊಳ್ಳಿ. ಒಂದರಲ್ಲಿ ದೊಡ್ಡ ಡ್ರಮ್, ಇನ್ನೊಂದರಲ್ಲಿ ಸಣ್ಣ ಡ್ರಮ್, ಬೇರೆ ಬೇರೆ ಲೇನ್‌ಗಳಲ್ಲಿ ಗಿಟಾರುಗಳು, ಮತ್ತೊಂದರಲ್ಲಿ ದನಿ. ಒಬ್ಬರು ನುಡಿಸಿ ಹೋದ ಮೇಲೆ, ಅದನ್ನು ಕೇಳುತ್ತಾ ಇನ್ನೊಬ್ಬರು ತಮ್ಮ ಲೇನ್ ತುಂಬುತ್ತಾರೆ. ಸಾಮಾನ್ಯವಾಗಿ ಮೊದಲು ಡ್ರಮ್ಸ್, ಆಮೇಲೆ ಗಿಟಾರ್ ಮತ್ತು ಬೇಸ್, ಕೊನೆಗೆ ಹಾಡುಗಾರಿಕೆ.

ನ್ಯೂಸ್ಟೆಡ್ ತಮ್ಮ ಭಾಗವನ್ನು ಹೇಗೆ ನುಡಿಸಿದರು ಅನ್ನುವುದು ನನಗೆ ಈ ಕಥೆಯಲ್ಲೇ ಮನಸ್ಸಿಗೆ ತಟ್ಟಿದ ಜಾಗ. ಅವರು ಸ್ಟುಡಿಯೋಗೆ ಹೋದಾಗ ಅಲ್ಲಿ ಬ್ಯಾಂಡಿನ ಬೇರೆಯವರು ಇರಲಿಲ್ಲ. ನಿರ್ಮಾಪಕರೂ ಇರಲಿಲ್ಲ. ಜೊತೆಗಿದ್ದದ್ದು ಸಹಾಯಕ ಎಂಜಿನಿಯರ್ ಟೋಬಿ ರೈಟ್ ಮಾತ್ರ. ಹೀಗೆ ನುಡಿಸು, ಇಲ್ಲಿ ಜಾಗ ಬಿಡು, ಇಲ್ಲಿ ಗಿಟಾರನ್ನು ಬಿಟ್ಟು ಬೇರೆ ದಾರಿ ಹಿಡಿ ಅಂತ ಹೇಳುವವರು ಯಾರೂ ಇಲ್ಲ. ಹಾಗಾಗಿ ಅವರಿಗೆ ಗೊತ್ತಿದ್ದದ್ದನ್ನೇ ಮಾಡಿದರು. ಬ್ಯಾಂಡಿನ ಹಾಡುಗಾರ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಗಿಟಾರಿನಲ್ಲಿ ನುಡಿಸಿದ್ದನ್ನು ಬೇಸಿನಲ್ಲಿ ಅಷ್ಟೇ ವೇಗವಾಗಿ, ಒಂದೊಂದು ಪೆಟ್ಟಿಗೂ ಒಂದೊಂದು ಪೆಟ್ಟು ಸೇರಿಸಿ ನುಡಿಸಿದರು. ಬಹಳ ಕಷ್ಟದ ಕೆಲಸ ಅದು. ಈ ಹಾಡುಗಳ ಓಟ ಎಂಥದ್ದು ಅಂತ ಕೇಳಿದವರಿಗೆ ಗೊತ್ತು. ಟೇಪಿನಲ್ಲಿರುವ ಆ ಬೇಸನ್ನು ಬೇರೆಯಾಗಿ ಕೇಳಿದ ರಾಸ್ಮುಸೆನ್, ಅದು ಅದ್ಭುತವಾಗಿತ್ತು ಅಂತ ಮುಂದೆ ಹೇಳಿದ್ದಾರೆ.

ಈಗ ಮಿಕ್ಸಿಂಗ್. ಟೇಪಿನ 24 ಲೇನ್‌ಗಳನ್ನು ನಾವು ಹಾಗೇ ಕೇಳಲು ಆಗುವುದಿಲ್ಲ ಅಲ್ವಾ? ನಮಗಿರುವುದು ಎರಡು ಕಿವಿ, ಎರಡು ಸ್ಪೀಕರ್. ಅಷ್ಟನ್ನೂ ಎರಡಕ್ಕೆ ಇಳಿಸಬೇಕು. ಒಂದು ದೊಡ್ಡ ಮೇಜಿನಷ್ಟಿರುವ ಕನ್ಸೋಲ್ ಮುಂದೆ ಎಂಜಿನಿಯರ್ ಕೂರುತ್ತಾರೆ. ಪ್ರತಿ ಟ್ರ್ಯಾಕಿಗೂ ಮೇಲೆ ಕೆಳಗೆ ಸರಿಸುವ ಒಂದು ಫೇಡರ್. ಅದನ್ನು ಮೇಲೆ ಸರಿಸಿದರೆ ಆ ವಾದ್ಯ ಜೋರು, ಕೆಳಗೆ ಸರಿಸಿದರೆ ಮೆಲ್ಲಗೆ. ಜೊತೆಗೆ ಈಕ್ವಲೈಜರ್ ಗುಂಡಿಗಳು. ದನಿಯ ಯಾವ ಪದರ ಎದ್ದು ಕಾಣಬೇಕು, ಮಂದ್ರವೋ, ಮಧ್ಯವೋ, ತಾರವೋ ಅನ್ನುವುದು ಅಲ್ಲಿ ತೀರ್ಮಾನ ಆಗುತ್ತದೆ.

ಈ ಕೆಲಸ ನಡೆದದ್ದು ನ್ಯೂಯಾರ್ಕ್ ರಾಜ್ಯದ ಬೇರ್ಸ್‌ವಿಲ್ ಸ್ಟುಡಿಯೋದಲ್ಲಿ. ಮಾಡಿದವರು ಸ್ಟೀವ್ ಥಾಂಪ್ಸನ್ ಮತ್ತು ಮೈಕಲ್ ಬಾರ್ಬಿಯೆರೊ. ಬೇಸ್ ಕಣ್ಮರೆಯಾದದ್ದು ಅಲ್ಲಿಯೇ. ಥಾಂಪ್ಸನ್ 2015ರ ಒಂದು ಸಂದರ್ಶನದಲ್ಲಿ ವಿವರವಾಗಿ ಹೇಳಿದ್ದಾರೆ. ಅವರ ಪ್ರಕಾರ, ಡ್ರಮ್ಮರ್ ಲಾರ್ಸ್ ಉಲ್ರಿಕ್ ತಮ್ಮ ಡ್ರಮ್ಸ್ ಹೇಗೆ ಕೇಳಿಸಬೇಕು ಅಂತ ಮೊದಲೇ ನಿರ್ಧಾರ ಮಾಡಿಕೊಂಡು ಬಂದಿದ್ದರು. ಬೇಸನ್ನು ಕಿವಿಗೆ ಕೇಳಿಯೂ ಕೇಳದಷ್ಟು ಇಳಿಸಿ ಅಂದರು. ಇಳಿಸಿದ್ದಾಯಿತು. ಈಗ ಅದಕ್ಕಿಂತ ಇನ್ನೂ 5 ಡೆಸಿಬೆಲ್ ಇಳಿಸಿ ಅಂದರು. ಥಾಂಪ್ಸನ್ ನಂಬಲಾಗದೆ ಹೆಟ್‌ಫೀಲ್ಡ್ ಕಡೆ ತಿರುಗಿ ನೋಡಿದರಂತೆ.

5 ಡೆಸಿಬೆಲ್ ಅಂದರೆ ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ಡೆಸಿಬೆಲ್ ಲೆಕ್ಕ ಸ್ಕೇಲ್ ಪಟ್ಟಿಯ ಇಂಚಿನ ಹಾಗಲ್ಲ. 5 ಡೆಸಿಬೆಲ್ ಇಳಿಸಿದರೆ ಆ ದನಿಯ ಶಕ್ತಿ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಬಂದುಬಿಡುತ್ತದೆ. ಮೊದಲೇ ಕೇಳಿಯೂ ಕೇಳದಂತಿದ್ದ ದನಿಯನ್ನು ಮೂರನೇ ಒಂದಕ್ಕೆ ಇಳಿಸಿದರೆ ಏನು ಉಳಿಯುತ್ತದೆ?

ಹಾಗಾದರೆ ಇದು ಹೊಸಬನ ಮೇಲಿನ ಹಗೆಯೇ? ಬಹಳ ಜನ ಹಾಗೆಯೇ ಹೇಳುತ್ತಾರೆ. ನನಗೆ ಅದು ಪೂರ್ತಿ ಉತ್ತರ ಅನ್ನಿಸುವುದಿಲ್ಲ. ಮನುಷ್ಯರ ನಡುವಿನ ಕಹಿ ಇದ್ದದ್ದು ನಿಜ. ಆದರೆ ಅದರ ಜೊತೆಗೆ ಕಿವಿಯ ಕಥೆ ಇದೆ, ಶಬ್ದದ ಕಥೆಯೂ ಇದೆ. ಅವೆರಡನ್ನೂ ಬಿಟ್ಟರೆ ವಿಷಯ ಅರ್ಧವೇ ಅರ್ಥ ಆಗುತ್ತದೆ.

ಕಿವಿಯ ಕಥೆ ಹೀಗೆ. ಮಿಕ್ಸಿಂಗ್ ನಡೆಯುವಾಗ ಬ್ಯಾಂಡ್ ಪ್ರವಾಸದಲ್ಲಿತ್ತು. 1988ರ ಬೇಸಿಗೆಯಲ್ಲಿ ಅಮೆರಿಕದ ಕ್ರೀಡಾಂಗಣಗಳಲ್ಲಿ 'ಮಾನ್‌ಸ್ಟರ್ಸ್ ಆಫ್ ರಾಕ್' ಕಛೇರಿಗಳು. ವ್ಯಾನ್ ಹೇಲನ್, ಸ್ಕಾರ್ಪಿಯನ್ಸ್ ಜೊತೆಗೆ ಮೆಟಾಲಿಕಾ. ಒಂದು ಕಛೇರಿ ಮುಗಿದ ಮೇಲೆ ಹೆಟ್‌ಫೀಲ್ಡ್ ಮತ್ತು ಉಲ್ರಿಕ್ ವಿಮಾನ ಹತ್ತಿ ಬೇರ್ಸ್‌ವಿಲ್‌ಗೆ ಬರುತ್ತಿದ್ದರು. ಮಿಕ್ಸ್ ಕೇಳಿ, ಬದಲಾವಣೆ ಹೇಳಿ, ಮತ್ತೆ ಕಛೇರಿಗೆ ಹಾರುತ್ತಿದ್ದರು. ಅಂಥ ಜೋರು ಶಬ್ದದಲ್ಲಿ ಗಂಟೆಗಟ್ಟಲೆ ನಿಂತರೆ ಕಿವಿ ಕೆಲವು ಹೊತ್ತು ಮಂಕಾಗುತ್ತದೆ. ಮೊದಲು ಮಂಕಾಗುವುದು ಎತ್ತರದ, ಚೂಪಾದ ದನಿಗಳು. ಜೋರಾದ ಕಛೇರಿಯಿಂದ ಮನೆಗೆ ಬಂದಾಗ ಎಲ್ಲ ದನಿಗಳೂ ಹತ್ತಿ ತುರುಕಿದ ಕಿವಿಯಲ್ಲಿ ಕೇಳಿದ ಹಾಗೆ ಇರುತ್ತವಲ್ಲ, ಅದೇ ಇದು. ಆ ಕಿವಿಯಲ್ಲಿ ಮಿಕ್ಸ್ ಕೇಳಿದರೆ ಚೂಪು ಸಾಲದು, ಇನ್ನೂ ಜಾಸ್ತಿ ಮಾಡಿ ಅನ್ನಿಸುತ್ತದೆ. ಮಂದ್ರದ ದನಿ ಅಡ್ಡ ಬರುತ್ತಿದೆ, ತೆಗೆಯಿರಿ ಅನ್ನಿಸುತ್ತದೆ. ಆಗ ನಮ್ಮ ಕಿವಿಗಳು ಸೋತುಹೋಗಿದ್ದವು ಅಂತ ಹೆಟ್‌ಫೀಲ್ಡ್ ಕೂಡ ಮುಂದೆ ಹೇಳಿದ್ದಾರೆ. ಈ ಆಲ್ಬಮ್ಮಿನ ಒಣ, ಚೂಪು ದನಿಗೆ, ಪ್ಲಾಸ್ಟಿಕ್ ಮೇಲೆ ಬೆರಳಿನಿಂದ ಹೊಡೆದ ಹಾಗೆ ಟಕ್ ಟಕ್ ಅನ್ನುವ ಆ ದೊಡ್ಡ ಡ್ರಮ್ಮಿಗೆ ಇದೂ ಒಂದು ಕಾರಣ ಇರಲೇಬೇಕು ಅಂತ ನನ್ನ ನಂಬಿಕೆ.

ಇನ್ನು ಶಬ್ದದ ಕಥೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಜ್. ಸಾಮಾನ್ಯ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 82 ಹರ್ಟ್ಜ್. ಸರಿಯಾಗಿ ಒಂದು ಸ್ಥಾಯಿ ಮೇಲೆ. ಹಾಗಾಗಿ ಎರಡೂ ಒಂದೇ ಸ್ವರ ನುಡಿಸಿದಾಗ ಬೇಸ್ ಕೆಳಗಿನಿಂದ ಗಿಟಾರಿಗೆ ಆನಿಕೆ ಕೊಡುತ್ತದೆ. ಎರಡೂ ಬೆರೆತು ಒಂದೇ ದಪ್ಪ ದನಿ ಆಗುತ್ತದೆ. ಹೆವಿ ಮೆಟಲ್ ಸಂಗೀತದ ಆ ಭಾರ ಬರುವುದು ಹೀಗೆ.

ಆದರೆ ಹೆಟ್‌ಫೀಲ್ಡ್ ಅವರ ಗಿಟಾರ್ ದನಿ ವಿಶೇಷವಾದದ್ದು. ಅಂಗೈಯ ಅಂಚನ್ನು ತಂತಿಗಳ ಮೇಲೆ ಒತ್ತಿ ಹಿಡಿದು ಬಡಿಯುತ್ತಾರೆ. ಗಣಗಣ ಅನ್ನಬೇಕಾದ ತಂತಿ ಆಗ ಜಗ್ ಜಗ್ ಅನ್ನುತ್ತದೆ. ಆಂಪ್ಲಿಫೈಯರಿನಲ್ಲಿ ಮಧ್ಯದ ದನಿಯನ್ನು ತಗ್ಗಿಸಿ, ಕೆಳಗಿನದನ್ನೂ ಮೇಲಿನದನ್ನೂ ಎತ್ತುತ್ತಾರೆ. ಅಂಥ ಗಿಟಾರನ್ನು ಒಂದಕ್ಕಿಂತ ಹೆಚ್ಚು ಸಲ ನುಡಿಸಿ ಪೇರಿಸಿದರೆ 100 ಹರ್ಟ್ಜ್ ಸುತ್ತಮುತ್ತಲಿನ ಜಾಗವನ್ನೆಲ್ಲ ಗಿಟಾರೇ ತುಂಬಿಬಿಡುತ್ತದೆ. ಬೇಸ್ ಬೇರೆಯಾಗಿ ಗುರುತು ಸಿಗಬೇಕಾದರೆ ಅದಕ್ಕೂ ಅಲ್ಲಿ ಜಾಗ ಬೇಕು. ಇಲ್ಲದಿದ್ದರೆ ದೊಡ್ಡ ದನಿ ಸಣ್ಣ ದನಿಯನ್ನು ಮುಚ್ಚಿಬಿಡುತ್ತದೆ. ನಮ್ಮ ಕಿವಿ ಇರುವುದೇ ಹಾಗೆ. ಹತ್ತಿರ ಹತ್ತಿರದ ಎರಡು ದನಿಗಳಲ್ಲಿ ಜೋರಾದದ್ದನ್ನು ಹಿಡಿದುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತದೆ.

ಇದರ ಮೇಲೆ ನ್ಯೂಸ್ಟೆಡ್ ಗಿಟಾರಿನ ನೆರಳಿನ ಹಾಗೆ ಅದೇ ಹೊತ್ತಿಗೆ ಅದೇ ಸ್ವರ ನುಡಿಸಿದ್ದರು. ಗಿಟಾರ್ ಸುಮ್ಮನಿದ್ದಾಗ ಬೇಸ್ ಒಂದು ಮಾತು ಆಡಿದ್ದರೆ ಆ ಸಂದಿಯಲ್ಲಾದರೂ ಕೇಳಿಸುತ್ತಿತ್ತು. ಅಂಥ ಸಂದಿಗಳೇ ಕಡಿಮೆ. ಕೂಡಿ ನುಡಿಸಿದ್ದರಿಂದ ಮುಚ್ಚಿಹೋಗುವುದು ಸುಲಭ ಆಯಿತು. ಫೇಡರ್ ಇಳಿಸಿದ್ದರಿಂದ ಪೂರ್ತಿ ಮುಚ್ಚಿಹೋಯಿತು. ಇದನ್ನು ತಪ್ಪಿಸಬಹುದಾಗಿದ್ದದ್ದು ರೆಕಾರ್ಡಿಂಗ್ ಹೊತ್ತಿನಲ್ಲಿ, ಪಕ್ಕದಲ್ಲಿ ಕೂತು ಕೇಳಿ ಸಲಹೆ ಕೊಡುವ ಒಬ್ಬರು ಇದ್ದಿದ್ದರೆ. ನ್ಯೂಸ್ಟೆಡ್ ಒಬ್ಬರೇ ಕೂತು ನುಡಿಸಿದ ಆ ಗಂಟೆಗಳ ಬಗ್ಗೆ ನನಗೆ ಬೇಜಾರಾಗುವುದು ಅದಕ್ಕೇ.

ಮನೆಯಲ್ಲಿ ಕಡಿಮೆ ವಾಲ್ಯೂಮಿನಲ್ಲಿ ಕೇಳಿದರೆ ಇನ್ನೂ ಕಷ್ಟ. ಶಬ್ದ ಕಡಿಮೆ ಆದಂತೆ ಮನುಷ್ಯನ ಕಿವಿ ಮೊದಲು ಕಳೆದುಕೊಳ್ಳುವುದು ಮಂದ್ರದ ದನಿಯನ್ನು.

ಮಿಕ್ಸ್ ಆದ ಮೇಲೆ ಮಾಸ್ಟರಿಂಗ್, ಅಂದರೆ ಆಲ್ಬಂ ಅಚ್ಚಾಗುವ ಮುಂಚೆ ಒಟ್ಟು ದನಿಗೆ ಕೊಡುವ ಕೊನೆಯ ಹದ. ಅದನ್ನು ಮಾಡಿದವರು ನ್ಯೂಯಾರ್ಕಿನ ಮಾಸ್ಟರ್‌ಡಿಸ್ಕ್‌ನಲ್ಲಿದ್ದ ಬಾಬ್ ಲುಡ್ವಿಗ್. ಆ ಕ್ಷೇತ್ರದಲ್ಲಿ ಬಹಳ ದೊಡ್ಡ ಹೆಸರು. ಮಾಸ್ಟರಿಂಗ್ ಮಾಡುವವರ ಕೈಗೆ ಬರುವುದು ಎರಡೇ ಟ್ರ್ಯಾಕ್, ಎಡ ಮತ್ತು ಬಲ. ಎಲ್ಲ ವಾದ್ಯಗಳೂ ಅದರಲ್ಲಿ ಬೆರೆತುಹೋಗಿರುತ್ತವೆ. ಒಟ್ಟು ದನಿಯ ಮಂದ್ರವನ್ನು ಎತ್ತಬಹುದು, ಇಳಿಸಬಹುದು. ಬೇಸ್ ಗಿಟಾರನ್ನು ಮಾತ್ರ ಹೊರಗೆ ತೆಗೆಯಲು ಆಗುವುದಿಲ್ಲ. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಲ್ಬಂ 1988ರಲ್ಲಿ ಅಮೆರಿಕದಲ್ಲಿ ಎಲೆಕ್ಟ್ರಾ ಕಂಪನಿಯಿಂದ ಹೊರಬಂತು. ಒಂಬತ್ತೇ ಹಾಡು, ಆದರೆ 65 ನಿಮಿಷ. ಎರಡು ಹಾಡುಗಳು ಒಂಬತ್ತು ನಿಮಿಷ ದಾಟುತ್ತವೆ. ಈ ಉದ್ದಕ್ಕೆ ಅದರದೇ ಒಂದು ತೊಡಕಿತ್ತು. ಎಲ್‌ಪಿ ತಟ್ಟೆಯ ಒಂದು ಮುಖದಲ್ಲಿ 20-22 ನಿಮಿಷ ಆರಾಮಾಗಿ ಹಿಡಿಸುತ್ತದೆ. ಅದಕ್ಕಿಂತ ಜಾಸ್ತಿ ತುಂಬಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ದನಿ ಸಣ್ಣದಾಗುತ್ತದೆ. ಹಾಗಾಗಿ ಎರಡು ತಟ್ಟೆಗಳ ಎಲ್‌ಪಿ ಮಾಡಿದರು. ಸಿಡಿಯಲ್ಲಿ 74 ನಿಮಿಷದವರೆಗೆ ಜಾಗ ಇದ್ದದ್ದರಿಂದ ಒಂದೇ ಸಾಕಾಯಿತು.

ಹೆಸರು ಬಂದದ್ದು ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಬಾವುಟದ ಮುಂದೆ ಹೇಳುವ ಪ್ರತಿಜ್ಞೆಯ ಕೊನೆಯ ಮಾತುಗಳಿಂದ. 'ಮತ್ತು ಎಲ್ಲರಿಗೂ ನ್ಯಾಯ' ಅಂತ ಅರ್ಥ. ಹೊದಿಕೆಯ ಚಿತ್ರ ನೋಡಿದರೆ ಆ ಮಾತಿನ ಸಿಟ್ಟು ಗೊತ್ತಾಗುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿದ ನ್ಯಾಯದೇವತೆಯ ಪ್ರತಿಮೆ, ಬಿರುಕು ಬಿಟ್ಟಿದೆ. ಮೈತುಂಬ ಹಗ್ಗ ಬಿಗಿದಿದ್ದಾರೆ. ಕೈಯಲ್ಲಿರುವ ತಕ್ಕಡಿಯಲ್ಲಿ ಡಾಲರ್ ನೋಟುಗಳು.

ಈ ಆಲ್ಬಂ ಬೇಸ್ ಇಲ್ಲದೆಯೇ ಗೆದ್ದಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನದವರೆಗೆ ಏರಿತು. ಅದುವರೆಗೆ ಹಾಡಿಗೆ ವಿಡಿಯೋ ಮಾಡುವುದಿಲ್ಲ ಅಂತ ಹಟ ಹಿಡಿದಿದ್ದ ಬ್ಯಾಂಡ್, 'ಒನ್' ಹಾಡಿಗೆ ಮೊದಲ ವಿಡಿಯೋ ಮಾಡಿತು. ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲ ಕಳೆದುಕೊಂಡು ಹಾಸಿಗೆಯಲ್ಲಿ ಬದುಕಿರುವ ಸೈನಿಕನ ಹಾಡು ಅದು. 1989ರಲ್ಲಿ ಎಂಟಿವಿಯಲ್ಲಿ ಬಂತು. ಹೆವಿ ಮೆಟಲ್ ಕಡೆ ತಲೆ ಹಾಕದವರೂ ನಿಂತು ನೋಡಿದರು. ಆ ವರ್ಷದ ಗ್ರ್ಯಾಮಿ ಸಮಾರಂಭದಲ್ಲಿ ಬ್ಯಾಂಡ್ ಈ ಹಾಡನ್ನು ನುಡಿಸಿತು, ಆದರೆ ಪ್ರಶಸ್ತಿ ಜೆಥ್ರೋ ಟಲ್ ಬ್ಯಾಂಡಿನ ಪಾಲಾಯಿತು. ಮರುವರ್ಷ 'ಒನ್' ಹಾಡಿಗೇ ಗ್ರ್ಯಾಮಿ ಸಿಕ್ಕಿತು. ಅಮೆರಿಕವೊಂದರಲ್ಲೇ ಈ ಆಲ್ಬಮ್ಮಿಗೆ 8 ಸಲ ಪ್ಲಾಟಿನಂ ಮಾನ್ಯತೆ ಇದೆ, ಅಂದರೆ 80 ಲಕ್ಷ ಪ್ರತಿ.

ಗೆದ್ದದ್ದೇ ಮುಂದೆ ಒಂದು ಕಗ್ಗಂಟಾಯಿತು. ಕೋಟ್ಯಂತರ ಜನರ ಕಿವಿಯಲ್ಲಿ ಈ ಒಣ ದನಿಯೇ ಅಚ್ಚಾಗಿದೆ. ಅದನ್ನು ಬದಲಿಸಿದರೆ ಅದೇ ಆಲ್ಬಂ ಆಗಿ ಉಳಿಯುತ್ತದೆಯೇ? 2018ರಲ್ಲಿ, ಮೂವತ್ತು ವರ್ಷ ಆದಾಗ, ಆಲ್ಬಮ್ಮನ್ನು ಮತ್ತೆ ಹೊರತಂದರು. ಈ ಸಲವಾದರೂ ಬೇಸ್ ಬರಬಹುದು ಅಂತ ಬಹಳ ಜನ ಕಾದರು. ಬರಲಿಲ್ಲ. ಆಗ ಮಾಡಿದ್ದು ರೀಮಾಸ್ಟರ್, ರೀಮಿಕ್ಸ್ ಅಲ್ಲ. ರೀಮಾಸ್ಟರ್ ಅಂದರೆ ಆ ಹಳೆಯ ಎರಡು ಟ್ರ್ಯಾಕುಗಳನ್ನೇ ಮತ್ತೆ ಒರೆಸಿ ಹೊಳಪು ಕೊಡುವುದು. ಬೇಸ್ ಮೇಲೆ ಬರಬೇಕಾದರೆ ಮೂಲ ಟೇಪಿಗೆ ಹೋಗಿ ಎಲ್ಲ ಟ್ರ್ಯಾಕುಗಳನ್ನೂ ಹೊಸದಾಗಿ ಮಿಕ್ಸ್ ಮಾಡಬೇಕು. ಬ್ಯಾಂಡಿಗೆ ಅದು ಬೇಡವಾಗಿತ್ತು. ಹಳೆಯ ಆಲ್ಬಂಗಳು ಆಯಾ ಕಾಲದ ಫೋಟೋ ಇದ್ದ ಹಾಗೆ, ಅವನ್ನು ತಿದ್ದಬಾರದು ಅನ್ನುವುದು ಹೆಟ್‌ಫೀಲ್ಡ್ ನಿಲುವು. ನನಗೆ ಆ ಬೇಸ್ ಕೇಳುವ ಆಸೆ ಇವತ್ತಿಗೂ ಇದೆ, ಆದರೂ ಅವರ ಮಾತು ಒಪ್ಪುತ್ತೇನೆ. ಮೂಲ ಹಾಗೇ ಇರಲಿ. ಅದರ ಪಕ್ಕದಲ್ಲಿ ಇನ್ನೊಂದು ಮಿಕ್ಸ್ ಕೊಟ್ಟರೆ ಯಾರಿಗೂ ನಷ್ಟ ಇಲ್ಲ.

ಅಭಿಮಾನಿಗಳು ಅಷ್ಟು ಕಾಯಲಿಲ್ಲ. 2009ರಲ್ಲಿ ಮೆಟಾಲಿಕಾ ಹಾಡುಗಳ 'ಗಿಟಾರ್ ಹೀರೋ' ವಿಡಿಯೋ ಗೇಮ್ ಬಂತು. ಆಡುವವರು ಒಂದೊಂದು ವಾದ್ಯ ಆರಿಸಿಕೊಳ್ಳುವ ಆಟ ಅದು, ಹಾಗಾಗಿ ಅದರೊಳಗೆ ಹಾಡಿನ ವಾದ್ಯಗಳು ಬೇರೆ ಬೇರೆಯಾಗಿ ಇರಲೇಬೇಕು. ಅಭಿಮಾನಿಗಳು ಆ ಟ್ರ್ಯಾಕುಗಳನ್ನು ಹೊರತೆಗೆದು, ಬೇಸ್ ಎತ್ತಿ, ತಮ್ಮದೇ ಮಿಕ್ಸ್ ಮಾಡಿ ಹಂಚಿಕೊಂಡರು. ಅದಕ್ಕೆ '...ಅಂಡ್ ಜಸ್ಟಿಸ್ ಫಾರ್ ಜೇಸನ್' ಅಂತ ಹೆಸರಿಟ್ಟರು. ಜೇಸನ್‌ಗೂ ನ್ಯಾಯ. ಆ ಹೆಸರು ಓದಿದಾಗ ನನಗೆ ಗಂಟಲು ಕಟ್ಟಿತ್ತು.

ಈಗ ಮುಂದಿನ ಆಲ್ಬಂ ಕೇಳಿ. ಜನ 'ಬ್ಲ್ಯಾಕ್ ಆಲ್ಬಂ' ಅನ್ನುವ, 1991ರ ಆಗಸ್ಟ್ 12ರಂದು ಬಂದ ಆಲ್ಬಂ. ಅದೇ ಒನ್ ಆನ್ ಒನ್ ಸ್ಟುಡಿಯೋ, ಅದೇ ನಾಲ್ವರು. ಬದಲಾದದ್ದು ನಿರ್ಮಾಪಕರು, ಬಾಬ್ ರಾಕ್. ಮಂದ್ರದ ದನಿಗೆ ಅವರು ಜಾಗ ಮಾಡಿಕೊಟ್ಟರು. ಗಿಟಾರಿನ ನೆರಳು ಬಿಟ್ಟು ನುಡಿಸುವಂತೆ ನ್ಯೂಸ್ಟೆಡ್ ಅವರನ್ನು ಹುರಿದುಂಬಿಸಿದರು. ಅದರಲ್ಲಿ 'ಮೈ ಫ್ರೆಂಡ್ ಆಫ್ ಮಿಸರಿ' ಅಂತ ಒಂದು ಹಾಡಿದೆ. ಅದರ ರಚನೆಯಲ್ಲೂ ನ್ಯೂಸ್ಟೆಡ್ ಪಾಲಿದೆ. ಅದೇ ಹೆಡ್‌ಫೋನಿನಲ್ಲಿ ಹಾಕಿ. ಹಾಡು ಶುರುವಾಗುವುದು ಬೇಸ್ ಗಿಟಾರಿನಿಂದಲೇ. ತಂತಿಯ ಮೇಲೆ ಬೆರಳು ಜಾರುವುದು ಕೂಡ ಕಿವಿಗೆ ಬೀಳುವಷ್ಟು ಹತ್ತಿರ ಇದೆ.